ಬೀಜದ ಫ್ಯಾಕ್ಟ್ರಿಗೆ ಹೋದ ನಾಟಕದ ಟೀಚರ್

ಸುದ್ದಿ ಹೇಳಿದ್ದು ಬಸ್ಸಿನ ಕಂಡಕ್ಟರ್. ಕುಂದಾಪುರದಿಂದ ತಲ್ಲೂರಿನ ಕಡೆಗೆ ಹೋಗುವ ಬೆಳಗಿನ ಬಸ್ಸು. ನಾನು ದಿನಾ ಕೂರುವ ಸೀಟಿನ ಹತ್ತಿರ ಬಂದವನು ಟಿಕೆಟ್ ಹರಿಯದೆ ಒಂದು ಗಳಿಗೆ ನಿಂತ.

"ಟೀಚರೇ, ನಾಟ್ಕದ ಟೀಚರ್ ಹ್ವಾದ್ರಂಬ್ರ್. ನಿನ್ನೆ ಮಧ್ಯಾಹ್ನ. ನಿಮ್ಗ್ ಗೊತ್ತಾಯ್ಲಿಲ್ಯಾ?"

ಗೊತ್ತಾಗಿರಲಿಲ್ಲ. ಅವರು ತೀರಿಕೊಂಡ ಸುದ್ದಿ ಹೇಳಲು ನನಗೆ ಯಾರೂ ಫೋನ್ ಮಾಡಿರಲಿಲ್ಲ. ಮಾಡಬೇಕೆಂದು ಯಾರಿಗಾದರೂ ತೋಚುವ ಹಾಗೆ ನಮ್ಮಿಬ್ಬರ ನಡುವೆ ಹೆಸರಿಡುವಂಥ ಸಂಬಂಧವೂ ಇರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ಹೆಡ್ ಮಾಷ್ಟ್ರಿಗೆ ರಜೆ ಹೇಳಿ, ರಸ್ತೆ ದಾಟಿ ಸಾಲಿಗ್ರಾಮದ ಕಡೆಯ ಬಸ್ಸಿಗೆ ಕಾದು ನಿಂತೆ. ಕಾಯುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಕಂಡಕ್ಟರ್ ಅವರ ಹೆಸರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಶಿರೂರಿನಿಂದ ಬ್ರಹ್ಮಾವರದವರೆಗೆ ಆ ಹೆದ್ದಾರಿಯಲ್ಲಿ ನಾಟಕದ ಟೀಚರ್ ಅಂದರೆ ಅವರೊಬ್ಬರೇ. ಹಾಗಾಗಿ ಇಲ್ಲಿಯೂ ನಾನು ಹೆಸರು ಬರೆಯುವುದಿಲ್ಲ.

ಎತ್ತರದ ಹೆಂಗಸು. ನಡೆಯುವಾಗ ಎದುರುಗಾಳಿ ಬೀಸುತ್ತಿದೆಯೋ ಎಂಬಂತೆ ತುಸು ಮುಂದಕ್ಕೆ ಬಾಗುತ್ತಿದ್ದರು. ಹೆಗಲಲ್ಲಿ ಒಂದು ದೊಡ್ಡ ಖಾಕಿ ಚೀಲ. ಅದರೊಳಗೆ ರಟ್ಟಿನ ಕಿರೀಟ, ಗೋಣಿನಾರಿನ ಮೀಸೆ, ಬಟ್ಟೆ ಸುತ್ತಿದ ತಂತಿಯ ಬಾಲಗಳು. ಚೀಲದ ಬಾಯಿಂದ ಯಾವಾಗಲೂ ಒಂದು ಬಾಲ ಹೊರಗೆ ಇಣುಕುತ್ತಿರುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಅದನ್ನು ನೋಡಿ ಒಮ್ಮೆ ಹಿಂದೆ ಸರಿದು ಆಮೇಲೆ ನಗುತ್ತಿದ್ದರು.

ಅವರು ಯಾವ ಶಾಲೆಯ ಟೀಚರೂ ಆಗಿರಲಿಲ್ಲ. ದೀಪಾವಳಿ ರಜೆ ಮುಗಿದೊಡನೆ ನಮ್ಮ ಕಡೆಯ ಶಾಲೆಗಳಲ್ಲಿ ವಾರ್ಷಿಕೋತ್ಸವದ ತಯಾರಿ ಶುರುವಾಗುತ್ತದೆ. ಆಗ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ ನಾಟಕ ಕಲಿಸುವುದು ಅವರ ಕೆಲಸ. ನಾಟಕ ಬರೆಯುವವರೂ ಅವರೇ, ಪದ ಕಟ್ಟುವವರೂ ಅವರೇ, ಬಾಲ ಹೊಲಿಯುವವರೂ ಅವರೇ. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಸಾಲಿಗ್ರಾಮದ ಒಳರಸ್ತೆಯ ಸಣ್ಣ ಮನೆಯಲ್ಲಿ ಒಬ್ಬರೇ ಇದ್ದರು. ಅವರ ತಮ್ಮ ಮುಂಬಯಿಯ ಹೋಟೆಲೊಂದರಲ್ಲಿ ಮ್ಯಾನೇಜರ್. ನಾಟಕ ಮಾಡಿಸುವುದನ್ನು ಎಲ್ಲಿ ಕಲಿತಿರಿ ಎಂದು ನಾನು ಒಮ್ಮೆ ಕೇಳಿದ್ದೆ.

"ಎಲ್ಲೂ ಇಲ್ಲೆ. ಮನೆ ಎದ್ರ್ ಶಾಲೆ ಇದ್ದಿತ್ತ್. ಮನೆಗೊಂದ್ ಕಿಟ್ಕಿ ಇದ್ದಿತ್ತ್" ಎಂದರು.

ನಾನು ತಲ್ಲೂರಿನ ಆಚೆಯ ಒಂದು ಪ್ರಾಥಮಿಕ ಶಾಲೆಯ ಟೀಚರ್. ಸಾಂಸ್ಕೃತಿಕ ಕಾರ್ಯಕ್ರಮದ ಜವಾಬ್ದಾರಿ ಸೇರಿದ ವರ್ಷವೇ ನನ್ನ ತಲೆಗೆ ಬಿದ್ದಿತ್ತು. ಅವರು ಮೊದಲ ಸಲ ಬಂದಾಗ ನಾನು ಇಪ್ಪತ್ತು ಮಕ್ಕಳನ್ನು ಆರಿಸಿ ಸಾಲಾಗಿ ನಿಲ್ಲಿಸಿ ಕಾಯುತ್ತಿದ್ದೆ. ಚೆನ್ನಾಗಿ ಓದುವವರು, ತಪ್ಪಿಲ್ಲದೆ ಬಾಯಿಪಾಠ ಒಪ್ಪಿಸುವವರು. ಅವರು ಸಾಲನ್ನು ನೋಡಿ, "ಇವ್ರನ್ನ್ ಕ್ಲಾಸಿಗ್ ಕಳ್ಸಿ. ಊಟಕ್ಕೆ ಬೆಲ್ ಎಷ್ಟೊತ್ತಿಗೆ?" ಎಂದು ಕೇಳಿದರು.

ಊಟದ ಹೊತ್ತಿಗೆ ಜಗಲಿಯ ಮೂಲೆಯಲ್ಲಿ ಒಂದು ಮಣೆ ಹಾಕಿಕೊಂಡು ಕೂತರು. ಕನ್ನಡಕ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡರು. ಮಕ್ಕಳು ಉಣ್ಣುವುದನ್ನು, ತಟ್ಟೆ ತೊಳೆಯುವುದನ್ನು, ನೀರಿಗೆ ಜಗಳ ಆಡುವುದನ್ನು ಮೂರು ದಿನ ಹಾಗೆಯೇ ನೋಡಿದರು. ಕನ್ನಡಕ ತೆಗೆಯುವುದು ಯಾಕೆ ಎಂದರೆ, "ಅದ್ ಓದುಕೆ ಬರುಕೆ ಮಾತ್ರ. ಮಕ್ಳನ್ನ್ ಕಾಂಬುಕೆ ಎಂತಕೆ?" ಎಂದು ನನ್ನನ್ನೇ ಕೇಳಿದರು. ನಾಲ್ಕನೇ ದಿನ ನಾಟಕ ಬರೆದು ತಂದರು. ನಾನು ಆರಿಸಿದ ಇಪ್ಪತ್ತರಲ್ಲಿ ಹದಿನಾಲ್ಕು ಮಂದಿ ಅದರಲ್ಲಿರಲಿಲ್ಲ.

ನಮ್ಮಲ್ಲಿ ಮಂಜುಳಾ ಎಂಬ ಹುಡುಗಿ ಇದ್ದಳು. ಅವಳಮ್ಮ ಮೀನು ಮಾರುತ್ತಿದ್ದರು. ಮಂಜುಳಾ ಬಾಯಿ ತೆರೆದರೆ ಮೂರು ಕ್ಲಾಸಿಗೆ ಕೇಳುತ್ತಿತ್ತು. ಮೆಲ್ಲ ಮಾತಾಡು, ಮೆಲ್ಲ ಮಾತಾಡು ಎಂದು ನಾವು ನಾಲ್ಕು ವರ್ಷ ಅವಳಿಗೆ ಹೇಳಿದ್ದೆವು. ನಾಟಕದ ಟೀಚರ್ ಅವಳನ್ನು ಬಸ್ಸಿನ ಕಂಡಕ್ಟರ್ ಮಾಡಿದರು. ಬಸ್ಸು ನಿಲ್ಲದ ಊರೊಂದರಲ್ಲಿ ಬಸ್ಸನ್ನು ಕೂಗಿಯೇ ನಿಲ್ಲಿಸುವ ಕಂಡಕ್ಟರ್. "ಬೈಂದೂರ್ ಬೈಂದೂರ್ ಬೈಂದೂರ್!" ಎಂದು ಅವಳು ರಂಗಕ್ಕೆ ನುಗ್ಗಿದಾಗ ಹಿಂದಿನ ಸಾಲಿನ ಗಂಡಸೊಬ್ಬರು ನಿಜವಾಗಿ ಎದ್ದು ನಿಂತರು. ಮರುದಿನ ಅವಳಮ್ಮ ಬುಟ್ಟಿ ಹೊತ್ತುಕೊಂಡೇ ಶಾಲೆಯ ಗೇಟಿಗೆ ಬಂದು, "ನನ್ ಮಗ್ಳ್ ಬಾಯಿಗ್ ಚಪ್ಪಾಳೆ ಬಿದ್ದದ್ ಇದೇ ಮೊದ್ಲ್ ಟೀಚರೇ" ಎಂದರು. ನಾನು ನಾಟಕದ ಟೀಚರಿಗೆ ಇದನ್ನು ಹೇಳಿದೆ. ಅವರು ಸುಮ್ಮನೆ ತಲೆ ಆಡಿಸಿದರು. ಹೊಗಳಿದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಹಾಲಿಲ್ಲದ ಚಹಾವನ್ನು ಆರಿದ್ದರೂ ಊದುತ್ತಿದ್ದರು.

ಹೀಗೆ ಪ್ರತಿ ಶಾಲೆಗೆ ಪ್ರತಿ ವರ್ಷ ಒಂದು ಹೊಸ ನಾಟಕ. ಮೊದಮೊದಲು ಐದಾರು ಶಾಲೆ ಇದ್ದುವು. ಅವರ ಹೆಸರು ಹಬ್ಬಿದ ಹಾಗೆ ಹತ್ತಾಯಿತು, ಹದಿನಾಲ್ಕಾಯಿತು. ಯಾರಿಗೂ ಇಲ್ಲ ಎನ್ನಲು ಬಾರದು. ಬೆಳಿಗ್ಗೆ ಶಿರೂರು, ಮಧ್ಯಾಹ್ನ ತಲ್ಲೂರು, ಸಂಜೆ ಬ್ರಹ್ಮಾವರ. ಬೇಡಿಕೆಯೂ ಬದಲಾಯಿತು. ಕಳೆದ ವರ್ಷದ್ದು ಚೆನ್ನಾಗಿತ್ತು, ಈ ವರ್ಷ ಅದಕ್ಕಿಂತ ಚೆನ್ನಾಗಿರಲಿ ಎನ್ನುವವರು. ಪಕ್ಕದ ಶಾಲೆಯಲ್ಲಿ ಮಾಡದ್ದು ಬೇಕು ಎನ್ನುವವರು. ವಿಡಿಯೋ ಹಾಕಬೇಕು, ಹತ್ತು ನಿಮಿಷದೊಳಗೆ ಮುಗಿಸಿ ಎನ್ನುವವರು. ನಾನೇನು ಕಡಿಮೆ? "ನಮ್ ಶಾಲೆದ್ ಮಾತ್ರ ಒಂಚೂರ್ ಸ್ಪೆಷಲ್ ಇರ್ಲಿ" ಎಂದು ಪ್ರತಿ ವರ್ಷ ಹೇಳುತ್ತಿದ್ದೆ. ಹದಿನಾಲ್ಕು ಶಾಲೆಯವರೂ ಇದನ್ನೇ ಹೇಳುತ್ತಿದ್ದಿರಬೇಕು.

ಅವರು ಬಸ್ಸಿನಲ್ಲಿ ನಿದ್ದೆ ಮಾಡತೊಡಗಿದರು. ಇಳಿಯುವ ಜಾಗ ಬಂದಾಗ ಕಂಡಕ್ಟರ್ ಎಬ್ಬಿಸುತ್ತಿದ್ದ.

ಅಂಥದ್ದೊಂದು ವರ್ಷ ಅವರು ನಮ್ಮ ಶಾಲೆಗೆ ಬಂದವರೇ ಊಟದ ಬೆಲ್ ಯಾವಾಗ ಎಂದು ಕೇಳಲಿಲ್ಲ. ಚೀಲದಿಂದ ಬರೆದ ನಾಟಕವನ್ನೇ ತೆಗೆದು ಕೈಗೆ ಕೊಟ್ಟರು. ನನಗೆ ಖುಷಿಯಾಯಿತು. ಈ ಸಲ ಮೂರು ದಿನ ಉಳಿಯಿತು ಎಂದುಕೊಂಡೆ. ಇವತ್ತು ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಒಬ್ಬರ ಕೈ ಸೋತದ್ದನ್ನು ಕಂಡು ನನ್ನ ಕೆಲಸ ಹಗುರಾಯಿತು ಅಂದುಕೊಂಡವಳು ನಾನು.

ಐದನೇ ದಿನದ ಅಭ್ಯಾಸ. ಮಧ್ಯಾಹ್ನದ ಹೊತ್ತು. ಒಂದು ಹುಡುಗಿ ಜಡೆ ಎಳೆದುಕೊಂಡು ಅಳುವ ದೃಶ್ಯ. ನಮ್ಮ ಹುಡುಗಿಯ ಕೂದಲನ್ನು ಬೇಸಗೆಯಲ್ಲಿ ಜ್ವರ ಬಂದಾಗ ಕತ್ತರಿಸಿದ್ದರು. ಎಳೆಯಲು ಜಡೆಯೇ ಇರಲಿಲ್ಲ. ಅವಳು ಏನು ಮಾಡುವುದೆಂದು ತಿಳಿಯದೆ ಗಾಳಿಯಲ್ಲಿ ಕೈ ಎಳೆದಳು.

"ಶಾಲಿನಿ, ಜಡೆ ಎಳಿ" ಎಂದರು ನಾಟಕದ ಟೀಚರ್.

ಹುಡುಗಿ ಕೈ ಕೆಳಗಿಳಿಸಿದಳು.

"ಶಾಲಿನೀ, ಕೇಂತಿಲ್ಯಾ? ಜಡೆ ಎಳಿ!"

"ಟೀಚರೇ," ಎಂದಳು ಹುಡುಗಿ, ಅಳು ಬರುವ ದನಿಯಲ್ಲಿ, "ನಾನ್ ಶಾಲಿನಿ ಅಲ್ಲ. ನಂಗ್ ಜಡೆ ಇಲ್ಲೆ."

ಅವರು ಅವಳನ್ನೇ ನೋಡಿದರು. ಕನ್ನಡಕ ಮೂಗಿನ ಮೇಲೆಯೇ ಇತ್ತು. ಆಮೇಲೆ ಮೆಲ್ಲ ಹೋಗಿ ವೇದಿಕೆಯ ಅಂಚಿನಲ್ಲಿ ಕೂತರು. ನಾನು ಹತ್ತಿರ ಹೋದೆ.

"ಟೀಚರೇ, ನಾ ಈಗ ಯಾವ್ ಶಾಲೆಗಿದ್ದೆ?" ಎಂದು ಕೇಳಿದರು.

ತಮಾಷೆ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಅದು ಬ್ರಹ್ಮಾವರದ ಕಡೆಯ ಒಂದು ಶಾಲೆಗೆ ಅವರೇ ಹಿಂದಿನ ವಾರ ಬರೆದು ಕೊಟ್ಟ ನಾಟಕ. ಶಾಲಿನಿ ಎಂಬ ಎರಡು ಜಡೆಯ ಹುಡುಗಿ ಅಲ್ಲಿದ್ದಳು. ಅದೇ ಹಾಳೆಗಳನ್ನು ನಮಗೂ ಕೊಟ್ಟಿದ್ದರು. ಕೊಟ್ಟದ್ದು ಅವರಿಗೇ ಗೊತ್ತಿರಲಿಲ್ಲ.

ಆ ವರ್ಷದ ಎಲ್ಲ ಶಾಲೆಗಳನ್ನೂ ಅವರು ಮುಗಿಸಿದರು. ಯಾರಿಗೂ ಕೈ ಕೊಡಲಿಲ್ಲ. ನಮ್ಮ ನಾಟಕದಲ್ಲಿ ಜಡೆಯ ಬದಲು ರಿಬ್ಬನ್ ಬಂತು. ಜನ ಚಪ್ಪಾಳೆ ಹೊಡೆದರು.

ಮುಂದಿನ ಮಳೆಗಾಲ ಕಳೆಯುತ್ತ ಬಂದಾಗ ನಾನು ಫೋನ್ ಮಾಡಿದೆ. ಎತ್ತಲಿಲ್ಲ. ನಾಲ್ಕೈದು ಸಲ ಮಾಡಿ, ಒಂದು ಭಾನುವಾರ ಮನೆಗೇ ಹೋದೆ. ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮುಂದೆ ಪುಸ್ತಕವಿಲ್ಲ, ಹೊಲಿಗೆಯಿಲ್ಲ. ಟಿ.ವಿ. ಕೂಡ ಹಾಕಿರಲಿಲ್ಲ.

"ಈ ವರ್ಷ ನಾ ಬತ್ತಿಲ್ಲೆ ಟೀಚರೇ" ಎಂದರು, ನಾನು ಕೂರುವ ಮೊದಲೇ.

"ಹುಷಾರಿಲ್ಯಾ?"

"ಡಾಕ್ಟ್ರ್ ಹತ್ರ ಹೋಯಿದ್ದೆ. ರಕ್ತ ಕಂಡ್ರ್, ಬೀಪಿ ಕಂಡ್ರ್. ಎಂತದೂ ಇಲ್ಲೆ, ನಾಲ್ಕ್ ದಿನ ರೆಸ್ಟ್ ಮಾಡಿ ಅಂದ್ರ್."

"ಹಾಂಗಾರೆ ಮಾಡಿ. ದೀಪಾವಳಿಗೆ ಇನ್ನೂ ಟೈಮಿತ್ತ್ ಅಲ್ದಾ?"

"ನಾಲ್ಕ್ ದಿನ ಆಯ್ತ್. ನಾಲ್ಕ್ ತಿಂಗ್ಳೂ ಆಯ್ತ್." ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ಕಾಗ್ದ ಎದ್ರಿಗಿಟ್ಕಂಡ್ ಕೂಕಂಡ್ರೆ ಬೆನ್ನಾಗೆ ಬೆವ್ರ್ ಇಳಿತ್ತ್. ಒಂದ್ ಶಬ್ದ ಬತ್ತಿಲ್ಲೆ. ರಸ್ತೆಲಿ ಮಕ್ಕಳ್ ಶಾಲೆಗ್ ಹೋಪುದ್ ಕಂಡ್ರೆ ಒಳ್ಗ್ ಬಂದ್ ಬಾಗ್ಲ್ ಹಾಕ್ಕಂತೆ. ನಂಗ್ ಮಕ್ಕಳ್ ಬ್ಯಾಡ ಅನ್ಸಿತ್ ಟೀಚರೇ. ನಂಗೆ!"

ಈ ಮಾತನ್ನು ಅವರು ಯಾರಿಗೂ ಹೇಳಿರಲಾರರು. ಹೇಳಲು ಆ ಮನೆಯಲ್ಲಿ ಯಾರಿದ್ದರು? ನಾನು ಆಗ ಬಾಯಿ ಮುಚ್ಚಿ ಅವರ ಪಕ್ಕ ಅರ್ಧ ಗಂಟೆ ಕೂತಿದ್ದರೆ ಸಾಕಿತ್ತು. ಆದರೆ ನನ್ನ ತಲೆಯಲ್ಲಿ ಹೆಡ್ ಮಾಷ್ಟ್ರಿದ್ದರು, ಊರಿನ ಸಮಿತಿಯವರಿದ್ದರು.

"ಬೇರೆ ಶಾಲೆ ಎಲ್ಲ ಬಿಡಿ. ನಮ್ದೊಂದ್ ಮಾಡಿ. ಹಳೇದೇ ಯಾವ್ದಾದ್ರೂ ಅಡ್ಡಿಲ್ಲೆ" ಎಂದೆ.

"ಆತಿಲ್ಲೆ."

"ಮಕ್ಕಳ್ ಹತ್ರ ಎಂತ ಹೇಳ್ಲಿ?"

"ನಾಟ್ಕದ ಟೀಚರ್ ಒಂದ್ ವರ್ಷ ರಜೆ ಅಂತೇಳಿ."

ನನಗೆ ಸಿಟ್ಟು ಬಂತು. ಯಾಕೆ ಅಷ್ಟು ಬಂತೋ ಇವತ್ತಿಗೂ ಗೊತ್ತಿಲ್ಲ. "ರಜೆ ಹಾಕುಕೆ ನೀವೆಂತ ಪರ್ಮನೆಂಟಾ?" ಎಂದುಬಿಟ್ಟೆ.

ಅವರು ನನ್ನ ಮುಖ ನೋಡಲಿಲ್ಲ. ಅಂಗಳದ ಕಡೆ ನೋಡಿ, "ಮಳಿ ಬಪ್ಪು ಹಾಂಗಿತ್ತ್. ಈಗಳೆ ಹೊರಟ್ರೆ ಬಸ್ ಸಿಕ್ಕತ್ತ್" ಎಂದರು. ನಾನು ಹೊರಟೆ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಜಗಲಿ ಖಾಲಿ ಇತ್ತು, ಬಾಗಿಲು ಹಾಕಿತ್ತು.

ಮೂರು ವಾರ ಕಳೆದಿರಬಹುದು. ನಾಟಕದ ಟೀಚರ್ ಬೀಜದ ಫ್ಯಾಕ್ಟ್ರಿಗೆ ಸೇರಿದರಂತೆ ಎಂಬ ಸುದ್ದಿ ಬಂತು. ನಮ್ಮ ಕಡೆ ಬೀಜದ ಫ್ಯಾಕ್ಟ್ರಿ ಅಂದರೆ ಗೇರುಬೀಜದ ಕಾರ್ಖಾನೆ. ಹೆಂಗಸರು ಸಾಲಾಗಿ ಕೂತು ಬೀಜದ ಮೇಲಿನ ಕೆಂಪು ಸಿಪ್ಪೆ ತೆಗೆಯುತ್ತಾರೆ. ಸ್ಟಾಫ್ ರೂಮಿನಲ್ಲಿ ಎರಡು ದಿನ ಇದೇ ಮಾತು. "ಎಂತ ಗತಿ ಬಂತ್ ಕಾಣಿ" ಎಂದರು ಹೆಡ್ ಮಾಷ್ಟ್ರು. ತಲೆ ಸರಿ ಇಲ್ಲವಂತೆ ಎಂದರು ಒಬ್ಬರು. ಅಹಂಕಾರ ಎಂದರು ಮತ್ತೊಬ್ಬರು. ನಾನು ಏನೂ ಹೇಳಲಿಲ್ಲ. ಹೇಳದೆ ಇದ್ದದ್ದು ಅವರ ಪರವಾಗಿಯೇನೂ ಅಲ್ಲ.

ಆ ವರ್ಷ ನಮ್ಮಲ್ಲಿ ನಾಟಕ ಇರಲಿಲ್ಲ. ಪೇಟೆಯಿಂದ ಬಂದ ಡ್ಯಾನ್ಸ್ ಮಾಸ್ಟರ್ ಆರು ಸಿನಿಮಾ ಹಾಡಿಗೆ ಕುಣಿತ ಕಲಿಸಿದರು. ಜನಕ್ಕೆ ಬಹಳ ಇಷ್ಟವಾಯಿತು. ನಾಟಕ ಎಲ್ಲಿ ಎಂದು ಕೇಳಿದ್ದು ಬಿಸಿಯೂಟ ಬಡಿಸುವ ಅಕ್ಕ ಒಬ್ಬರೇ. ಇಷ್ಟು ವರ್ಷ ಆ ಹೆಂಗಸು ನಿದ್ದೆಗೆಟ್ಟು ಮಾಡಿದ್ದು ಬೇಕೇ ಬೇಕು ಎಂದು ಯಾರಿಗೂ ಅನಿಸಿರಲಿಲ್ಲ ಎಂಬುದು ನನಗೆ ಅವತ್ತು ತಿಳಿಯಿತು. ಅವರಿಗೆ ಇದು ನನಗಿಂತ ಮೊದಲೇ ತಿಳಿದಿತ್ತೋ ಏನೋ.

ಒಂದು ಸಂಜೆ ಬಸ್ಸು ಫ್ಯಾಕ್ಟ್ರಿಯ ಎದುರು ನಿಂತಿತು. ಕೆಲಸ ಬಿಟ್ಟ ಹೆಂಗಸರು ಹೊರಗೆ ಬರುತ್ತಿದ್ದರು. ತಲೆಗೆ ಬಟ್ಟೆ ಕಟ್ಟಿಕೊಂಡ ಆ ಗುಂಪಿನಲ್ಲಿ ಎಲ್ಲರಿಗಿಂತ ಒಂದು ಗೇಣು ಎತ್ತರದ ತಲೆ ಕಂಡಿತು. ಹೆಗಲಲ್ಲಿ ಚೀಲ ಇರಲಿಲ್ಲ. ಕೈಬೀಸಿಕೊಂಡು ನಡೆಯುತ್ತಿದ್ದರು. ಅವರು ಬಸ್ಸಿನ ಕಡೆ ತಿರುಗಿದಾಗ ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿ ಮಾಡಿಕೊಂಡೆ. ಪಟ್ಟಿ ಸರಿಯಾಗಿಯೇ ಇತ್ತು.

ಬೇಸಗೆ ರಜೆಯಲ್ಲಿ ಕೊನೆಗೂ ಅವರ ಮನೆಗೆ ಹೋದೆ. ಭಾನುವಾರವೇ ಹೋದೆ, ಅವರಿಗೆ ಕೆಲಸ ಇರುವುದಿಲ್ಲವೆಂದು. ಮುಖ ಸ್ವಲ್ಪ ತುಂಬಿಕೊಂಡಿತ್ತು. ಬೆರಳ ತುದಿಗಳು ಕಂದಾಗಿದ್ದುವು. ಚಹಾ ಮಾಡಿ ತಂದರು. ನಾನು ತಯಾರಿ ಮಾಡಿಕೊಂಡು ಹೋದ ಮಾತನ್ನು ಹೇಳಿದೆ.

"ಅವತ್ತ್ ನಾ ಹಾಂಗ್ ಹೇಳುಕಾಗಿತ್ತಿಲ್ಲೆ ಟೀಚರೇ. ತಪ್ಪಾಯ್ತ್."

"ನೀವ್ ಹೇಳದ್ ಖರೆ" ಎಂದರು. ದನಿಯಲ್ಲಿ ಮುನಿಸಿರಲಿಲ್ಲ. "ಪರ್ಮನೆಂಟ್ ಆದವ್ರಿಗೆ ಯಾರಾರೂ ರಜೆ ಕೊಡ್ತ್ರ್. ನಂಗ್ ಯಾರ್ ಕೊಡ್ತ್ರ್? ನಾನೇ ಕೊಟ್ಕಣ್ಕಾಯ್ತ್."

"ಆದ್ರೂ ಫ್ಯಾಕ್ಟ್ರಿ ಎಂತಕೆ? ಮನೆಲೇ ಇರ್ಲಕ್ಕಿತ್ತಲೆ?"

"ಮನೆಲಿ ಕೂಕಂಡ್ರೆ ತಲಿ ಸುಮ್ನ್ ಕೂಕಂತಿಲ್ಲೆ. ಅಲ್ಲಿ ಹಾಂಗಲ್ಲ. ಒಂದ್ ಬೀಜ, ಒಂದ್ ಸಿಪ್ಪಿ. ತೆಗ್ದ್ರೆ ಮುಗೀತ್. ಮತ್ತೊಂದ್. ಹ್ವಾದ್ ವರ್ಷದ್ ಬೀಜಕ್ಕಿಂತ ಈ ವರ್ಷದ್ ಬೀಜ ಚೆಂದ ಸುಲೀರಿ ಅಂತ ಯಾರೂ ಹೇಳ್ತಿಲ್ಲೆ." ಅವರು ಸಣ್ಣಗೆ ನಕ್ಕರು. "ಸೇರಿ ಹತ್ತನೇ ದಿನಕ್ಕೆ ನಂಗ್ ನಿದ್ರಿ ಬಂತ್ ಟೀಚರೇ. ಎಷ್ಟ್ ವರ್ಷದ್ ಮೇಲೆ."

ಮುಂದಿನ ವರ್ಷ ಬರುತ್ತೀರಾ ಎಂದು ಕೇಳಲು ನನ್ನ ನಾಲಿಗೆ ತುದಿಯವರೆಗೆ ಬಂತು. ಚಹಾದ ಜೊತೆ ನುಂಗಿದೆ. ಅವರ ವಿಷಯದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು.

ಅವರು ತಾವಾಗಿ ಬಂದರು. ಆ ಮಳೆಗಾಲವೂ ಮುಗಿದು, ದೀಪಾವಳಿಯೂ ಕಳೆದು, ಒಂದು ಮಧ್ಯಾಹ್ನ ಊಟದ ಬೆಲ್ ಹೊಡೆಯುವಾಗ ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಕೊಡೆ ಮಾತ್ರ. ನನಗೆ ಒಂದು ನಗೆ ತೋರಿಸಿ ಜಗಲಿಯ ಮೂಲೆಗೆ ಹೋಗಿ ಕೂತರು. ಮಕ್ಕಳ ಊಟ ಮುಗಿಯುತ್ತಲೇ ಎದ್ದು ಹೋದರು. ಮರುದಿನ ಬಂದರು. ಅದರ ಮರುದಿನವೂ ಬಂದರು. ಹೀಗೆ ಹದಿಮೂರು ದಿನ. "ಎಂತ ಮಾಡ್ತ್ರ್ ಇವ್ರ್? ನಾಟ್ಕ ಮಾಡ್ಸ್ತ್ರಾ ಇಲ್ಯಾ?" ಎಂದು ಹೆಡ್ ಮಾಷ್ಟ್ರು ನನ್ನನ್ನು ಗದರಿದರು. "ಗೊತ್ತಿಲ್ಲೆ ಸರ್" ಎಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹದಿನಾಲ್ಕನೇ ದಿನ, ಒಂದು ಮಗುವನ್ನು ಹತ್ತಿರ ಕರೆದು ಏನೋ ಕೇಳಿದರು. ಅವತ್ತಿನಿಂದ ಅಭ್ಯಾಸ ಶುರುವಾಯಿತು.

ಆದರೆ ಹಳೆಯ ಹಾಗೆ ಅವರು ಮತ್ತೆ ಆಗಲಿಲ್ಲ. ವರ್ಷಕ್ಕೆ ಮೂರೇ ಶಾಲೆ ಎಂದರು. ಎರಡು ವರ್ಷ ಮಾಡಿದರೆ ಮೂರನೆಯ ವರ್ಷ ಇಲ್ಲ. ಆ ವರ್ಷ ಫ್ಯಾಕ್ಟ್ರಿಗೆ ಹೋಗಿ ತಮ್ಮ ಜಾಗದಲ್ಲಿ ಕೂರುತ್ತಿದ್ದರು. ಈ ಲೆಕ್ಕ ಯಾವ ಶಾಲೆಗೆ ಒಪ್ಪಿಗೆಯಾದೀತು? ಒಂದು ವರ್ಷ ಬಿಟ್ಟ ಜಾಗಕ್ಕೆ ಬೇರೆಯವರು ಬಂದು ಕೂತರು. ಕೊನೆಕೊನೆಗೆ ನಮ್ಮದು ಮತ್ತು ಶಿರೂರಿನ ಕಡೆಯ ಇನ್ನೊಂದು, ಎರಡೇ ಉಳಿದುವು. ಆಮೇಲೆ ಶಿರೂರಿನದೂ ಬಿಟ್ಟಿತು. ಹಿಂದೆ ಅವರ ಬಾಗಿಲಲ್ಲಿ ಕಾದು ನಿಂತಿದ್ದವರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರೆ, "ಈಗೆಂತ ಮಾಡ್ಕಂಡಿದ್ರಿ?" ಎಂದು ಕೇಳುತ್ತಿದ್ದರು. "ಈ ವರ್ಷ ಸುಮ್ನೆ ಇದ್ದೆ" ಎನ್ನುತ್ತಿದ್ದರು ಅವರು. ಕೇಳಿದವರು ಬಸ್ಸು ಬರುವ ದಿಕ್ಕಿಗೆ ತಿರುಗಿ ನಿಲ್ಲುತ್ತಿದ್ದರು. ನಾನೂ ಎಷ್ಟೋ ಸಲ ಹಾಗೆ ತಿರುಗಿದ್ದೇನೆ. ಆ ಬದುಕು ಅವರಿಗೆ ಸಾಕಾಗಿತ್ತೋ, ಖಾಲಿಯಾಗಿತ್ತೋ ನಾನು ಕೇಳಲಿಲ್ಲ. ಎರಡೂ ಇದ್ದಿರಬಹುದು. ಹಬ್ಬದ ದಿನ ಫೋನ್ ಮಾಡಿದರೆ ಮೊದಲ ರಿಂಗಿಗೇ ಎತ್ತುತ್ತಿದ್ದರು.

ಕಂಡಕ್ಟರ್ ಸುದ್ದಿ ಹೇಳಿದ ದಿನ ನಾನು ಅವರ ಮನೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಅವರ ತಮ್ಮ ಮುಂಬಯಿಯಿಂದ ಬೆಳಿಗ್ಗೆ ಬಂದು ದಹನಕಾರ್ಯ ಮಾಡಿದ್ದ. ಒಳಗೆ ನಾಲ್ಕೈದು ನೆಂಟರು ಮೆಲ್ಲ ಮಾತಾಡುತ್ತಿದ್ದರು. ಶಾಲೆಗಳಿಂದ ನನ್ನ ಹೊರತು ಯಾರೂ ಬಂದಿರಲಿಲ್ಲ. ಜಗಲಿಯಲ್ಲಿ ಆರೇಳು ಮಂದಿ ಹೆಂಗಸರು ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಕೂತ ರೀತಿಯಿಂದಲೇ ಗೊತ್ತಾಯಿತು, ಫ್ಯಾಕ್ಟ್ರಿಯವರು. ಅವರಲ್ಲಿ ಹಿರಿಯರು, ಅರವತ್ತು ದಾಟಿದವರು, ಸರಿದು ನನಗೆ ಜಾಗ ಕೊಟ್ಟರು. ಉಳಿದವರು ಅವರನ್ನು ಗಿರಿಜಕ್ಕ ಎಂದು ಕರೆಯುತ್ತಿದ್ದರು.

"ನೀವ್ ಅವ್ರಿಗೆ ಎಂತ ಆಯ್ಕ್?" ಎಂದು ಕೇಳಿದರು ಗಿರಿಜಕ್ಕ.

"ಶಾಲೆ ಟೀಚರ್ ನಾನ್. ಅವ್ರ್ ನಮ್ಮಲ್ಲಿ ನಾಟ್ಕ ಮಾಡ್ಸ್ತಿದ್ರ್."

"ನಾಟ್ಕವಾ?" ಅವರು ಪಕ್ಕದವಳ ಮುಖ ನೋಡಿದರು. "ಶಾಲೆಲೆಂತೋ ಕೆಲ್ಸ ಇತ್ತ್ ಅಂತಿದ್ರ್. ನಾಟ್ಕ ಅಂತ ಹೇಳ್ಲೇ ಇಲ್ಲೆ ಕಾಣಿ. ಎಂತಾ ನಾಟ್ಕ? ಒಂದ್ ಹೇಳಿ ಕಾಂಬ."

ಸಾವಿನ ಮನೆಯಲ್ಲಿ ಹೇಗೆ ಹೇಳುವುದು ಎಂದು ನಾನು ಹಿಂಜರಿದೆ. "ಹೇಳಿ, ಹೇಳಿ. ಅವ್ರದ್ದೇ ಅಲ್ದಾ?" ಎಂದರು. ಫ್ಯಾಕ್ಟ್ರಿಯಿಂದ ಬಂದ ಮೇಲೆ ಅವರು ನಮ್ಮಲ್ಲಿ ಮಾಡಿಸಿದ ಮೊದಲ ನಾಟಕವೇ ನನಗೆ ನೆನಪಿಗೆ ಬಂತು. ಅದನ್ನೇ ಶುರು ಮಾಡಿದೆ.

ಒಂದು ಮನೆ. ಅದರಲ್ಲಿ ಒಬ್ಬಳು ಅಜ್ಜಿ. ಅವಳಿಗೆ ಮನೆಯವರ ಮೇಲೆ ಮುನಿಸು, ಯಾರೊಡನೆಯೂ ಮಾತಿಲ್ಲ. ಕಿಟಕಿಗೆ ಬರುವ ಕಾಗೆಯ ಹತ್ತಿರ ಮಾತ್ರ ಮಾತು. ಸೊಸೆಗೆ ಹೇಳಬೇಕಾದ್ದನ್ನೂ ಕಾಗೆಗೆ ಹೇಳುತ್ತಾಳೆ, ಮಗನಿಗೆ ಹೇಳಬೇಕಾದ್ದನ್ನೂ ಕಾಗೆಗೇ ಹೇಳುತ್ತಾಳೆ. ನಾನು ದನಿ ತಗ್ಗಿಸಿ, ನಮ್ಮ ಹುಡುಗಿ ಮಾಡಿದ ಹಾಗೆಯೇ ಗಲ್ಲಕ್ಕೆ ಕೈ ಹಚ್ಚಿ ಹೇಳಿದೆ: "ಹ್ವಾಯ್ ಕಾಕಿ, ಇವತ್ತ್ ಸಾರಿಗೆ ಉಪ್ಪಿಲ್ಲೆ ಅಂತ ಈ ಮನೆಲಿ ಯಾರಿಗಾದ್ರೂ ಗೊತ್ತಾ? ನೀನಾದ್ರೂ ಹೋಯ್ ಹೇಳ್ ಮಗಾ."

ಸಾಲಿನ ಕೊನೆಯಲ್ಲಿದ್ದವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಪಕ್ಕದವಳ ಹೆಗಲು ಅಲುಗಿತು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

"ಇದ್ ಗಿರಿಜಕ್ಕ! ಕಾಣಿ, ಇದ್ ನಮ್ ಗಿರಿಜಕ್ಕನೇ!"

ಒಳಗಿನಿಂದ ಟೀಚರ ತಮ್ಮ ಬಾಗಿಲಿಗೆ ಬಂದು ನೋಡಿದ. ಹೆಂಗಸರು ನಗು ನುಂಗಲು ನೋಡಿ ಇನ್ನಷ್ಟು ನಕ್ಕರು. ಫ್ಯಾಕ್ಟ್ರಿಯ ಜಾಲರಿ ಕಿಟಕಿಯ ಹೊರಗೆ ದಿನಾ ಒಂದು ಕಾಗೆ ಬರುತ್ತಿತ್ತಂತೆ. ಗಿರಿಜಕ್ಕ ಬೀಜ ಸುಲಿಯುತ್ತ ಅದಕ್ಕೆ ಮನೆಯ ಸುದ್ದಿ ಹೇಳುತ್ತಿದ್ದರಂತೆ. ನಾಟಕದ ಟೀಚರ್ ಎದುರಿನ ಸಾಲಿನಲ್ಲಿ ಕೂತಿರುತ್ತಿದ್ದರಂತೆ. ಒಂದು ಮಾತಿಲ್ಲ, ತಲೆ ತಗ್ಗಿಸಿ ಕೆಲಸ. ಇವರಿಗೆ ಕಿವಿ ಮಂದ ಇರಬೇಕು ಎಂದೇ ಎಲ್ಲರೂ ಮೊದಲು ತಿಳಿದಿದ್ದರಂತೆ.

ಗಿರಿಜಕ್ಕ ಮಾತ್ರ ನಗುತ್ತಿರಲಿಲ್ಲ. ನನ್ನ ಮೊಣಕೈ ಹಿಡಿದು, "ಮತ್ತೆಂತ ಆಯ್ತ್? ಮುಂದ್ ಹೇಳಿ" ಎಂದರು.

"ಮುಂದೆ ಒಂದಿನ ಕಾಕಿ ಬತ್ತಿಲ್ಲೆ. ಮರ್ದಿನವೂ ಬತ್ತಿಲ್ಲೆ. ಅಜ್ಜಿಗ್ ಮಾತಾಡುಕೆ ಯಾರೂ ಇಲ್ಲೆ. ಊಟ ಬಿಟ್ಳ್. ಮನೆಯವ್ರ್ ಎಲ್ಲ ಕರೀತ್ರ್, ಅಜ್ಜಿ ಬಾಯಿ ಬಿಡ್ತಿಲ್ಲೆ."

"ಮತ್ತೆ?"

"ಮೊಮ್ಮಗ್ಳ್ ಒಬ್ಳ್ ಇದ್ಳ್, ಸಣ್ಣದ್. ಅವ್ಳ್ ಹೊರ್ಗೆ ಹೋಯ್, ಕಿಟ್ಕಿ ಹತ್ರ ಕುಕ್ಕುರು ಕೂಕಂಡ್, ಕಾ ಕಾ ಅಂದ್ಳ್. ಅಜ್ಜಿ ಒಂದ್ ಗಳ್ಗಿ ಕಂಡ್ಳ್. ಮತ್ತ್ ಅವ್ಳ್ ಹತ್ರ ಮಾತಾಡುಕೆ ಸುರು ಮಾಡಿದ್ಳ್. ಅಲ್ಲಿಗ್ ನಾಟ್ಕ ಮುಗೀತ್."

ಗಿರಿಜಕ್ಕ ನನ್ನ ಮೊಣಕೈ ಬಿಟ್ಟರು. ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು ಅಂಗಳದ ಕಡೆ ನೋಡಿದರು.

"ಅದೊಂದ್ ಅವ್ರ್ ಕಟ್ಟಿ ಸೇರ್ಸದ್" ಎಂದರು ಕೊನೆಗೆ. "ನಮ್ಮನೆಲಿ ಹಾಂಗೆಲ್ಲ ಕೂಗುವವ್ರ್ ಯಾರೂ ಇಲ್ಲೆ."

ಅವರು ಎದ್ದು ಸೆರಗು ಕೊಡವಿಕೊಂಡರು. ಮಧ್ಯಾಹ್ನದ ಕೆಲಸಕ್ಕೆ ಹೊತ್ತಾಗಿತ್ತು. ಉಳಿದವರೂ ಎದ್ದರು. ಮೆಟ್ಟಿಲು ಇಳಿದ ಮೇಲೆ ಗಿರಿಜಕ್ಕ ತಿರುಗಿ ನಿಂತು ನನ್ನನ್ನು ನೋಡಿದರು.

"ಆದ್ರೂ ಲಾಯ್ಕ್ ಮಾಡಿದ್ರ್ ಅಲ್ದಾ?"

"ಹೌದು" ಎಂದೆ.

ಅವರು ಹೆದ್ದಾರಿಯ ಕಡೆ ನಡೆದರು. ಅವರ ಗುಂಪು ತಿರುವು ದಾಟುವವರೆಗೆ ನಾನು ಆ ಜಗಲಿಯಲ್ಲಿ ಒಬ್ಬಳೇ ಕೂತಿದ್ದೆ.